ಬೇಡದ ಕರೆ, ಬೇಡದ ಕಾಗದ: ರೈತರ ಮನೆಗೂ ಬಂದ ಕಳೆ

ನಾಟಿಯ ಗದ್ದೆಯಲ್ಲಿ ಕೈತುಂಬ ಕೆಸರಿರುವಾಗಲೇ ಬದುವಿನ ಮೇಲಿಟ್ಟ ಮೊಬೈಲ್ ಬಡಿದುಕೊಳ್ಳುತ್ತದೆ. ಡೇರಿಯವರೋ, ಪಶುವೈದ್ಯರೋ, ಬಾಣಂತನಕ್ಕೆ ಹೋದ ಮಗಳ ಮನೆಯವರೋ ಎಂದು ಕೈ ತೊಳೆದು ಓಡಿ ಬಂದು ಎತ್ತಿದರೆ, ಆ ಕಡೆಯಿಂದ ಯಾರೋ ಹಿಂದಿಯಲ್ಲಿ ಸಾಲ ಬೇಕೇ ಎಂದು ಕೇಳುತ್ತಾರೆ. ಬೇಡವೆಂದು ಇಟ್ಟರೆ ಸಂಜೆ ಇನ್ನೊಂದು ಸಂಖ್ಯೆಯಿಂದ ಅದೇ ಪ್ರಶ್ನೆ. ರೋಸಿಹೋದ ಕೆಲವರು ಗೊತ್ತಿಲ್ಲದ ಸಂಖ್ಯೆಯನ್ನು ಎತ್ತುವುದನ್ನೇ ಬಿಟ್ಟಿದ್ದಾರೆ. ಆಗ ಆಗುವ ನಷ್ಟ ಬೇರೆ: ಹಸುವಿಗೆ ಲಸಿಕೆ ಹಾಕಲು ಬಂದವರ ಕರೆಯೂ, ಮಂಡಿಯವರ ಕರೆಯೂ ಅದರ ಜೊತೆಯಲ್ಲೇ ಹೋಗುತ್ತದೆ. ಕಳೆಗೆ ಹೆದರಿ ಹೊಲವನ್ನೇ ಬೀಳು ಬಿಟ್ಟ ಹಾಗೆ.

ಇದು ಪಟ್ಟಣದವರ ಕಷ್ಟವೆಂದು ಈಚಿನವರೆಗೂ ಹಳ್ಳಿಯವರು ತಿಳಿದಿದ್ದರು. ಈಗ ಹಾಗಿಲ್ಲ. ಅಷ್ಟೇ ಅಲ್ಲ, ಪಟ್ಟಣದವನಿಗೆ ಬರುವ ಬೇಡದ ಕರೆ ಬಹುಮಟ್ಟಿಗೆ ತಲೆನೋವು ಮಾತ್ರ. ರೈತನಿಗೆ ಬರುವುದು ಜಮೀನಿಗೂ ಬ್ಯಾಂಕಿನ ಖಾತೆಗೂ ಕೈಹಾಕುವ ಜಾತಿಯದು.

ಈ ವಿಷಯ ಬರೆಯಲು ಮೈಸೂರಿನ ನಜರ್‌ಬಾದ್ ಮೊಹಲ್ಲಾದಷ್ಟು ತಕ್ಕ ಜಾಗ ಇನ್ನೊಂದಿಲ್ಲ. ಜಯಪುರ, ಇಲವಾಲ, ವರುಣ ಹೋಬಳಿಗಳ ರೈತರು ಪಹಣಿ, ಪೋಡಿ, ಖಾತೆ ಎಂದು ಅಲೆಯುವ ತಾಲ್ಲೂಕು ಕಚೇರಿ, ಅಂದರೆ ಜನರ ಬಾಯಲ್ಲಿ ಮಿನಿ ವಿಧಾನಸೌಧ, ಇಲ್ಲಿದೆ. ನಗರ ಪೊಲೀಸ್ ಕಮಿಷನರ್ ಕಚೇರಿಯೂ ಇಲ್ಲೇ. ಅಂಚೆ ನೌಕರರಿಗೆ ಪಾಠ ಹೇಳುವ ಅಂಚೆ ತರಬೇತಿ ಕೇಂದ್ರವೂ ಈ ಭಾಗದಲ್ಲೇ ಇದೆ. ಟಿಪ್ಪು ಸುಲ್ತಾನ್ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ ಈ ದಿಣ್ಣೆಯ ಮೇಲೆ ಹೊಸ ಕೋಟೆ ಕಟ್ಟಿಸತೊಡಗಿದ್ದನೆಂದೂ, 1799ರ ಬಳಿಕ ಆ ಕಲ್ಲುಗಳೇ ಹಳೆಯ ಜಾಗಕ್ಕೆ ಹಿಂತಿರುಗಿದವೆಂದೂ ಚರಿತ್ರೆ ಹೇಳುತ್ತದೆ. ಅದಿರಲಿ. ಜಮೀನಿನ ದಾಖಲೆ, ಪೊಲೀಸು, ಅಂಚೆ: ರೈತನಿಗೆ ಬರುವ ಬೇಡದ ಕರೆ ಮತ್ತು ಕಾಗದಗಳಿಗೆ ಈ ಮೂರರ ಜೊತೆಗೂ ನಂಟಿದೆ.

ನಂಬರು ಅವರಿಗೆ ಸಿಕ್ಕಿದ್ದೆಲ್ಲಿಂದ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಉತ್ತರ ಸುಲಭ, ಹೆಚ್ಚಿನ ಸಲ ನಾವೇ ಕೊಟ್ಟಿರುತ್ತೇವೆ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ನಜರ್‌ಬಾದಿಗೆ ಕೂಗಳತೆಯಲ್ಲಿದೆ. ಇಂಥ ಪ್ರದರ್ಶನ, ಮೇಳಗಳಲ್ಲಿ ಮಳಿಗೆಯ ಮುಂದೆ ಒಂದು ಡಬ್ಬಿ ಇಟ್ಟು, ಚೀಟಿಯಲ್ಲಿ ಹೆಸರು, ಊರು, ಮೊಬೈಲ್ ಸಂಖ್ಯೆ ಬರೆದು ಹಾಕಿದರೆ ಅದೃಷ್ಟಶಾಲಿಗೆ ಮಿಕ್ಸಿ ಕೊಡುವುದಾಗಿ ಹೇಳುತ್ತಾರೆ. ಮಿಕ್ಸಿ ಒಬ್ಬನಿಗೆ ಸಿಕ್ಕೀತು. ಡಬ್ಬಿಯಲ್ಲಿದ್ದ ಸಂಖ್ಯೆಗಳೆಲ್ಲ ಇನ್ನೊಬ್ಬನಿಗೆ ಸಿಗುತ್ತವೆ. ಬಿತ್ತನೆ ಬೀಜದ ಕಂಪನಿಯ ಕ್ಷೇತ್ರೋತ್ಸವದಲ್ಲಿ ಊಟಕ್ಕೆ ಮೊದಲು ತಿರುಗುವ ಹಾಜರಿ ಪುಸ್ತಕ, ಟ್ರಾಕ್ಟರ್ ಅಂಗಡಿಯಲ್ಲಿ ಬೆಲೆ ವಿಚಾರಿಸಿದಾಗ ಬರೆದುಕೊಳ್ಳುವ ಚೀಟಿ, ರಸ್ತೆ ಬದಿಯಲ್ಲಿ ಕೊಡೆ ನೆಟ್ಟು ಸಿಮ್ ಮಾರುವವನಿಗೆ ಕೊಟ್ಟ ಆಧಾರ್ ಪ್ರತಿ, ಇವೂ ಅದೇ ದಾರಿ.

ಆದ್ದರಿಂದ ಮೊದಲ ಕೆಲಸ ಕಳೆಯ ಬೀಜ ಬೀಳದಂತೆ ನೋಡಿಕೊಳ್ಳುವುದು. ಕೇಳಿದಲ್ಲೆಲ್ಲ ಸಂಖ್ಯೆ ಬರೆಯಬೇಕಾಗಿಲ್ಲ. ರಸಗೊಬ್ಬರದ ಬಿಲ್ಲಿಗೆ, ಬೆಳೆ ಸಾಲಕ್ಕೆ ಕೊಡಲೇಬೇಕು, ಕೊಡಿ. ಮಿಕ್ಸಿಯ ಡಬ್ಬಿಗೆ ಕೊಡಬೇಡಿ. ಆಧಾರ್ ಅಥವಾ ಪಹಣಿಯ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಲಾಗಿ, ಯಾವ ಕೆಲಸಕ್ಕೆ ಯಾರಿಗೆ ಕೊಟ್ಟದ್ದೆಂದು ಬರೆದು, ತಾರೀಖು ಹಾಕಿ ರುಜು ಮಾಡಿ. ಅಂಗಡಿಯವನು ಮುಖ ಗಂಟಿಕ್ಕಿಕೊಂಡರೆ ಇಕ್ಕಿಕೊಳ್ಳಲಿ.

ಹೀಗೆ ಕೊಟ್ಟ ವಿವರವನ್ನು ಬೇರೆ ಕೆಲಸಕ್ಕೆ ಬಳಸಬಾರದೆಂಬ ಕಾಯ್ದೆ 2023ರ ಆಗಸ್ಟಿನಲ್ಲಿ ಆಗಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಮುಖ್ಯವಾದ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಗಡುವು ಕೊಡಲಾಗಿದೆ. ಅದನ್ನು ನೆಚ್ಚಿ ಕೂರುವ ಬದಲು ಈಗ ಕೈಯಲ್ಲಿರುವ ಸಾಧನವನ್ನು ಬಳಸುವುದು ಮೇಲು.

1909 ಎಂಬ ಸಂಖ್ಯೆ

ಆ ಸಾಧನ 1909. ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಟ್ರಾಯ್, ಬೇಡದ ಕರೆಗಳ ಬಗ್ಗೆ ಮೊದಲ ನಿಯಮ ತಂದದ್ದು 2007ರಲ್ಲಿ. ಕರೆ ಬೇಡವೆನ್ನುವವರ ಪಟ್ಟಿಯೊಂದು ಆಗ ಹುಟ್ಟಿತು. ಅದು ಸಾಲದೆ 2010ರಲ್ಲಿ ಹೊಸ ನಿಯಮ ಬಂದು, 2011ರ ಸೆಪ್ಟೆಂಬರ್ 27ರಿಂದ ಜಾರಿಯಾಯಿತು. ಮತ್ತೆ 2018ರಲ್ಲಿ ಇಡೀ ಏರ್ಪಾಟನ್ನೇ ಬದಲಿಸಿ, ಜಾಹೀರಾತು ಕಳಿಸುವ ಪ್ರತಿಯೊಂದು ಸಂಸ್ಥೆಯೂ ತನ್ನ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕೆಂದು ಮಾಡಿದರು. 2025ರ ಫೆಬ್ರುವರಿ 12ರಂದು ಇದಕ್ಕೂ ತಿದ್ದುಪಡಿ ಬಂತು. ಇಷ್ಟು ಸಲ ತಿದ್ದಬೇಕಾಯಿತೆಂದರೆ ಕರೆ ಮಾಡುವವರು ಎಷ್ಟು ಜಾಣರೆಂದು ಊಹಿಸಬಹುದು. ಒಂದು ಔಷಧಿಗೆ ಒಗ್ಗಿಕೊಂಡ ಕೀಟದ ಕಥೆಯೇ ಇದು.

ನೋಂದಾಯಿಸುವ ಕ್ರಮ ಹೀಗಿದೆ. ನಿಮ್ಮ ಮೊಬೈಲಿನಿಂದಲೇ 1909ಕ್ಕೆ ಸಂದೇಶ ಕಳಿಸಬೇಕು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಸ್ಟಾರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು, ಸೊನ್ನೆ ಹಾಕಿದರೆ ಎಲ್ಲ ಬಗೆಯ ಜಾಹೀರಾತೂ ಬೇಡವೆಂದು ಹೇಳಿದ ಹಾಗೆ. ಬರೆಯಲು ಬಾರದವರು ಅದೇ 1909ಕ್ಕೆ ಕರೆ ಮಾಡಿಯೂ ನೋಂದಾಯಿಸಬಹುದು. ಬ್ಯಾಂಕು-ವಿಮೆ, ನಿವೇಶನ, ವಿದ್ಯಾಭ್ಯಾಸ, ಆರೋಗ್ಯ, ವಾಹನ ಮುಂತಾಗಿ ಬಗೆಗಳಿದ್ದು, ಕೆಲವನ್ನು ಮಾತ್ರ ತಡೆಯಲೂ ಅವಕಾಶವಿದೆ. ಎರಡಕ್ಕೂ ಕಾಸು ಖರ್ಚಿಲ್ಲ. ಮನೆಯಲ್ಲಿ ನಾಲ್ಕು ಮೊಬೈಲುಗಳಿದ್ದರೆ ನಾಲ್ಕರಿಂದಲೂ ಬೇರೆ ಬೇರೆಯಾಗಿ ಮಾಡಬೇಕು. ಯಜಮಾನನ ಒಂದು ಸಂಖ್ಯೆಯಿಂದ ಮಾಡಿದರೆ ಉಳಿದವಕ್ಕೆ ಅನ್ವಯಿಸದು.

ಇಲ್ಲಿ ಬಹಳ ಮಂದಿ ಹಿಂಜರಿಯುವುದು ಒಂದು ತಪ್ಪು ತಿಳಿವಳಿಕೆಯಿಂದ. ಇದನ್ನು ಮಾಡಿಸಿದರೆ ಬ್ಯಾಂಕಿನ ಜಮಾ-ಖರ್ಚಿನ ಸಂದೇಶ, ಗುಪ್ತ ಸಂಖ್ಯೆ, ಸರಕಾರದ ಮಳೆ ಎಚ್ಚರಿಕೆ ಎಲ್ಲ ನಿಂತುಹೋಗುತ್ತವೆಂಬ ಭಯ. ಹಾಗಾಗುವುದಿಲ್ಲ. ತಡೆ ಇರುವುದು ಜಾಹೀರಾತಿಗೆ ಮಾತ್ರ. 2025ರ ತಿದ್ದುಪಡಿಯ ಪ್ರಕಾರ ಸಂದೇಶ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ. ಪಿ ಎಂದಿದ್ದರೆ ಜಾಹೀರಾತು, ಎಸ್ ಎಂದರೆ ಸೇವೆಯ ವಿಷಯ, ಟಿ ಎಂದರೆ ಹಣದ ವ್ಯವಹಾರ, ಜಿ ಎಂದರೆ ಸರಕಾರ. ಓದುವ ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿಕೊಟ್ಟರೆ ಅವರೇ ಮನೆಯವರಿಗೆಲ್ಲ ಹೇಳುತ್ತಾರೆ.

ಕರೆಗಳಿಗೂ ಗುರುತುಂಟು. ನೋಂದಾಯಿತ ಜಾಹೀರಾತಿನ ಕರೆ 140ರಿಂದ ಆರಂಭವಾಗುವ ಸಂಖ್ಯೆಯಿಂದ ಬರಬೇಕು. ಬ್ಯಾಂಕು ಮೊದಲಾದವು ಸೇವೆ ಅಥವಾ ವ್ಯವಹಾರದ ಬಗ್ಗೆ ಮಾಡುವ ಕರೆಗೆ 1600 ಎಂಬ ಸಾಲನ್ನು ಮೀಸಲಿಟ್ಟಿದ್ದಾರೆ. ಸಾಧಾರಣ 10 ಅಂಕಿಯ ಸಂಖ್ಯೆಯಿಂದ ಯಾರಾದರೂ ಬ್ಯಾಂಕಿನ ಮುಖ್ಯ ಕಚೇರಿಯವರೆಂದರೆ ಅನುಮಾನಿಸಿ. ನಿಮ್ಮೂರ ಸೊಸೈಟಿಯ ಕಾರ್ಯದರ್ಶಿ ಸ್ವಂತ ಮೊಬೈಲಿನಿಂದ ಕರೆದಾರು, ಅದು ಬೇರೆ ಮಾತು. ಅವರ ದನಿ ನಿಮಗೆ ಗೊತ್ತು.

ನೋಂದಾಯಿಸಿಯೂ ಕರೆ ಬಂದರೆ ದೂರು ಕೊಡಬೇಕು. ಬಂದ ಕರೆ ಅಥವಾ ಸಂದೇಶದ ವಿಷಯವನ್ನು ನಾಲ್ಕು ಮಾತಿನಲ್ಲಿ ಬರೆದು, ಅಲ್ಪವಿರಾಮ ಹಾಕಿ, ಕರೆ ಮಾಡಿದವರ ಸಂಖ್ಯೆ ಬರೆದು, ಮತ್ತೆ ಅಲ್ಪವಿರಾಮ ಹಾಕಿ ತಾರೀಖು ಬರೆದು 1909ಕ್ಕೇ ಕಳಿಸುವುದು. ಮೊದಲು ಇದಕ್ಕೆ 3 ದಿನಗಳ ಗಡುವಿತ್ತು, 2025ರ ತಿದ್ದುಪಡಿ ಅದನ್ನು 7 ದಿನಗಳಿಗೆ ಏರಿಸಿತು. ನೋಂದಣಿಯೇ ಇಲ್ಲದ ಸಾಧಾರಣ ಸಂಖ್ಯೆಯಿಂದ ವ್ಯಾಪಾರದ ಕರೆ ಬಂದಿದ್ದರೆ, ನೀವು ಪಟ್ಟಿಗೆ ಸೇರಿರದಿದ್ದರೂ ದೂರು ಕೊಡಬಹುದು. ಅಂಥ ದೂರಿನ ಮೇಲೆ 30 ದಿನಗಳ ಬದಲು 5 ದಿನಗಳೊಳಗೆ ಕ್ರಮ ಕೈಗೊಳ್ಳಬೇಕೆಂದಾಗಿದೆ. ಹತ್ತು ದಿನಗಳಲ್ಲಿ ಒಂದೇ ಕಡೆಯವರ ಮೇಲೆ 5 ದೂರುಗಳಾದರೆ ಸಾಕು. ಮೊದಲ ತಪ್ಪಿಗೆ ಹೊರಹೋಗುವ ಕರೆಗಳೆಲ್ಲ 15 ದಿನ ಬಂದ್, ಮತ್ತೆ ಮಾಡಿದರೆ ಅವರ ಸಂಪರ್ಕಗಳೆಲ್ಲ ಒಂದು ವರ್ಷ ಕಡಿತ. ದೂರಿನ ಲೆಕ್ಕವನ್ನು ಮುಚ್ಚಿಡುವ ಮೊಬೈಲ್ ಕಂಪನಿಗೆ ಮೊದಲ ಸಲ 2 ಲಕ್ಷ, ಎರಡನೆಯ ಸಲ 5 ಲಕ್ಷ, ಆಮೇಲೆ ಪ್ರತಿ ಸಲ 10 ಲಕ್ಷ ರೂಪಾಯಿ ದಂಡ.

ಐದು ದೂರು ಎಂಬುದನ್ನು ಗಮನಿಸಿ. ಒಂದೇ ಊರಿಗೆ ಒಂದೇ ವಾರ ಒಬ್ಬನೇ ಕರೆ ಮಾಡಿರುವುದುಂಟು. ಪಂಚಾಯಿತಿ ಗ್ರಂಥಾಲಯದಲ್ಲಿ ಸಂಜೆ ಪತ್ರಿಕೆ ಓದಲು ಸೇರುವ ಐವರು ಮೊಬೈಲ್ ತೆಗೆದು ಹೋಲಿಸಿ ನೋಡಿದರೆ ಅಲ್ಲೇ ಐದು ದೂರುಗಳಾದಾವು. ಈಗ ಹಲವು ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಇದಕ್ಕಿಂತ ಒಳ್ಳೆಯ ಅರಿವಿನ ಕೆಲಸ ಯಾವುದಿದ್ದೀತು?

ಆದರೆ 1909ಕ್ಕೂ ಮಿತಿಯುಂಟು. ನೀವೇ ಒಪ್ಪಿಗೆ ಕೊಟ್ಟ ಅಂಗಡಿಯ ಸಂದೇಶ ಬರುತ್ತಲೇ ಇರುತ್ತದೆ. ವಾಟ್ಸಾಪಿನಲ್ಲಿ ಬರುವ ಕರೆ, ಸಂದೇಶಗಳು ಈ ಪಟ್ಟಿಗೆ ಒಳಪಡವು. ಅವನ್ನು ಅಲ್ಲೇ ಬ್ಲಾಕ್ ಮಾಡಬೇಕು. ಮತ್ತು ಮೋಸ ಮಾಡಲೆಂದೇ ಕುಳಿತವನು ಯಾವ ಪಟ್ಟಿಯನ್ನೂ ನೋಡುವುದಿಲ್ಲ.

ಹೊಲದಲ್ಲಿ ಟವರ್ ನೆಡುವವರು

ರೈತರಿಗೆಂದೇ ಹೊಸೆದ ಮೋಸಗಳಲ್ಲಿ ಎಲ್ಲಕ್ಕಿಂತ ಹಳೆಯದೂ ಹಟಮಾರಿಯೂ ಆದದ್ದು ಮೊಬೈಲ್ ಟವರಿನದು. ಅದು ನಡೆಯುವ ಬಗೆಯನ್ನು ತುಸು ವಿವರವಾಗಿ ತಿಳಿಯುವುದು ಲೇಸು, ಏಕೆಂದರೆ ಉಳಿದ ಮೋಸಗಳೂ ಇದೇ ಅಚ್ಚಿನವು.

ಮೊದಲು ಒಂದು ಸಂದೇಶ. ನಿಮ್ಮ ಜಮೀನು ಟವರ್ ಹಾಕಲು ಆಯ್ಕೆಯಾಗಿದೆ, ಲಕ್ಷಗಟ್ಟಲೆ ಮುಂಗಡ, ತಿಂಗಳಿಗೆ ಸಾವಿರಗಟ್ಟಲೆ ಬಾಡಿಗೆ, ಮನೆಯವರೊಬ್ಬರಿಗೆ ಕಾವಲುಗಾರನ ಕೆಲಸ. ಮಳೆ ಕೈಕೊಟ್ಟ ವರ್ಷ ಇಂಥ ಮಾತು ಯಾರಿಗೆ ಬೇಡ? ಕರೆ ಮಾಡಿದರೆ ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ.

"ಯಜಮಾನ್ರೇ, ನಿಮ್ಮ ಪಹಣಿ, ಆಧಾರ್, ಪಾಸ್‌ಬುಕ್ ಫೋಟೋ ಕಳಿಸಿ. ನಾವೇನೂ ದುಡ್ಡು ಕೇಳಲ್ಲ."

ನಾಲ್ಕು ದಿನ ಬಿಟ್ಟು ರಾಜಮುದ್ರೆ ಅಚ್ಚಾದ ಒಂದು ಕಾಗದ ಬರುತ್ತದೆ. ಅದರಲ್ಲಿ ಟ್ರಾಯ್‌ನದೋ ದೂರಸಂಪರ್ಕ ಇಲಾಖೆಯದೋ ಹೆಸರು, ಒಂದೆರಡು ಮೊಹರು, ನಿಮ್ಮದೇ ಸರ್ವೆ ನಂಬರು. ಸರ್ವೆ ನಂಬರು ಸರಿಯಾಗಿದೆಯೆಂದೇ ಜನ ನಂಬುತ್ತಾರೆ. ಅದನ್ನು ಕಳಿಸಿದವರು ತಾವೇ ಎಂಬುದು ಆ ಹೊತ್ತಿಗೆ ಮರೆತಿರುತ್ತದೆ. ಆಮೇಲೆ ನೋಂದಣಿ ಶುಲ್ಕವೆಂದು ಕೆಲವು ಸಾವಿರ. ಕಟ್ಟಿದ ಮೇಲೆ ಕರಾರಿನ ಶುಲ್ಕ, ಜಿಎಸ್‌ಟಿ, ವಿಮೆ, ಸಾಮಾನು ಹೊತ್ತ ಲಾರಿ ಚೆಕ್‌ಪೋಸ್ಟಿನಲ್ಲಿ ನಿಂತಿದೆಯೆಂದು ಇನ್ನಷ್ಟು. ಮೊದಲು ಕಟ್ಟಿದ್ದು ಹೋದೀತೆಂಬ ಭಯದಿಂದ ಮುಂದಿನದನ್ನು ಕಟ್ಟುತ್ತಾ ಹೋಗುವುದು. ಹಸು ಮಾರಿ ಕಟ್ಟಿದವರೂ, ಕೈಸಾಲ ಮಾಡಿ ಕಟ್ಟಿದವರೂ ನಾಚಿಕೆಯಿಂದ ಹೊರಗೆ ಹೇಳುವುದಿಲ್ಲ, ಅದೇ ಮೋಸಗಾರನಿಗೆ ಬಂಡವಾಳ.

ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆ ಈ ಬಗ್ಗೆ ಮತ್ತೆ ಮತ್ತೆ ಪ್ರಕಟಣೆ ಹೊರಡಿಸಿವೆ. ಟವರಿಗೆ ಜಾಗ ಗುತ್ತಿಗೆ ಕೊಡುವುದರಲ್ಲಿ ಟ್ರಾಯ್‌ಗೆ ನೇರವಾಗಿಯಾಗಲಿ ಬಳಸಿಯಾಗಲಿ ಪಾತ್ರವಿಲ್ಲ. ಅದು ನಿರಾಕ್ಷೇಪಣಾ ಪತ್ರ ಕೊಡುವುದಿಲ್ಲ, ತೆರಿಗೆ ಕೇಳುವುದಿಲ್ಲ. ನಿಜವಾಗಿ ಟವರ್ ಹಾಕುವ ಕಂಪನಿಯವರು ಊರಿಗೆ ಬಂದು ಜಾಗ ನೋಡುತ್ತಾರೆ, ಮತ್ತು ಜಮೀನಿನವನಿಗೆ ಹಣ ಕೊಡುತ್ತಾರೆಯೇ ಹೊರತು ಅವನಿಂದ ಇಸಿದುಕೊಳ್ಳುವುದಿಲ್ಲ. ಬಾಡಿಗೆದಾರ ಮನೆಯ ಯಜಮಾನನಿಂದ ಮುಂಗಡ ಕೇಳಿದ್ದನ್ನು ಯಾರಾದರೂ ಕಂಡಿದ್ದಾರೆಯೇ?

ಸೌರ ಪಂಪ್‌ಸೆಟ್ಟಿನದೂ ಇದೇ ಕಥೆ. ಕುಸುಮ್ ಯೋಜನೆಯ ಹೆಸರಿನಲ್ಲಿ ನಕಲಿ ತಾಣಗಳನ್ನು ತೆರೆದು ನೋಂದಣಿ ಶುಲ್ಕ ಕೀಳುತ್ತಿರುವುದನ್ನು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಪ್ರಕಟಿಸಿ ಎಚ್ಚರಿಸಿದೆ. ಪಿಎಂ-ಕಿಸಾನ್‌ನ 2,000 ರೂಪಾಯಿ ಕಂತು ನಿಂತಿದೆ, ಈ ಫೈಲನ್ನು ಒತ್ತಿ ಎಂದು ವಾಟ್ಸಾಪಿನಲ್ಲಿ ಬರುವುದು ಇನ್ನೂ ಕೆಟ್ಟದ್ದು. ಹೆಸರಿನ ತುದಿಯಲ್ಲಿ ಎಪಿಕೆ ಎಂದಿರುವ ಫೈಲು ಕಾಗದವಲ್ಲ, ಅದೊಂದು ಯಂತ್ರ. ಒತ್ತಿ ಒಳಗೆ ಬಿಟ್ಟುಕೊಂಡರೆ ನಿಮ್ಮ ಮೊಬೈಲಿಗೆ ಬರುವ ಗುಪ್ತ ಸಂಖ್ಯೆಗಳನ್ನು ಅದು ಕಳ್ಳನಿಗೆ ಓದಿ ಹೇಳುತ್ತದೆ. ಕಂತು ಬಾರದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳುವುದೊಂದೇ ದಾರಿ.

ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಹೊತ್ತಿನಲ್ಲಿ. ನಾಳೆ ಮಗ ಬಂದ ಮೇಲೆ ನೋಡೋಣ ಎನ್ನಬಾರದು. ನಂತರ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗೆ ಬರೆದು ಕೊಡುವುದು. ಹಣ ಹೋಗಿಲ್ಲ, ಆದರೆ ಕರೆ ಮೋಸದ್ದೆಂದು ಗೊತ್ತಾಗಿದೆ ಎನ್ನುವುದಾದರೆ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಚಕ್ಷು ಎಂಬ ಭಾಗ 2024ರ ಮಾರ್ಚಿನಿಂದ ಇದೆ. ವಾಟ್ಸಾಪಿನ ಕರೆಯನ್ನೂ ಅಲ್ಲಿ ತಿಳಿಸಬಹುದು. ಅದೇ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂದೂ ನೋಡಬಹುದು. ಕರ್ನಾಟಕದಲ್ಲಿ ಒಬ್ಬರ ಹೆಸರಿಗೆ ಹೆಚ್ಚೆಂದರೆ 9. ನೀವು ಕೊಳ್ಳದ ಸಂಖ್ಯೆ ಅಲ್ಲಿ ಕಂಡರೆ ನನ್ನದಲ್ಲವೆಂದು ಗುರುತು ಹಾಕಿ. ಇಲ್ಲವಾದರೆ ಯಾರದೋ ಮೋಸದ ಕರೆ ನಿಮ್ಮ ಹೆಸರಿನಲ್ಲಿ ಹೋಗಿರುತ್ತದೆ.

ಅಂಚೆಯಣ್ಣ ತರುವ ಬೇಡದ ಕಾಗದ

ಮೊಬೈಲ್ ಬರುವ ಮುಂಚೆಯೂ ಈ ಕಳೆ ಇತ್ತು, ಅಂಚೆಯಲ್ಲಿ ಬರುತ್ತಿತ್ತು. ಪತ್ರಿಕೆಯ ಪದಬಂಧ ಬಿಡಿಸಿದ್ದಕ್ಕೆ ರೇಡಿಯೊ ಗೆದ್ದಿದ್ದೀರಿ ಎಂದು ವಿ.ಪಿ. ಬರುತ್ತಿದ್ದದ್ದು, ಹಣ ಕಟ್ಟಿ ಬಿಚ್ಚಿದರೆ ಇಟ್ಟಿಗೆ ಚೂರು ಸಿಗುತ್ತಿದ್ದದ್ದು ಹಿರಿಯರಿಗೆ ನೆನಪಿದ್ದೀತು. ತಿರುಪತಿಯಲ್ಲಿ ಸರ್ಪ ಮನುಷ್ಯರೂಪ ತಾಳಿ ನುಡಿಯಿತು, ಈ ಕರಪತ್ರವನ್ನು ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಚಿದರೆ ಧನಲಾಭ, ಹರಿದು ಹಾಕಿದರೆ ಕೇಡು ಎಂಬ ಕಾಗದ ಬಾರದ ಮನೆಯೇ ಇರಲಿಲ್ಲ. ಅದರಿಂದ ಅಚ್ಚುಕೂಟದವರಿಗೆ ಧನಲಾಭವಾದದ್ದಂತೂ ನಿಜ. ಈಗ ಅದೇ ವಾಟ್ಸಾಪಿಗೆ ಹೋಗಿದೆ.

ಈಗಲೂ ಅಂಚೆಯಲ್ಲಿ ಬರುವುದು ಗೀಚುವ ಚೀಟಿ. ಹೆಸರಾಂತ ಮಾರಾಟ ಕಂಪನಿಯ ಹೆಸರು ಹೊತ್ತ ಲಕೋಟೆ, ಒಳಗೆ ನಾಣ್ಯದಿಂದ ಗೀಚಬೇಕಾದ ಚೀಟಿ, ಗೀಚಿದರೆ ಕಾರು. ಎಲ್ಲರಿಗೂ ಕಾರೇ. ಕಾರು ಪಡೆಯಲು ತೆರಿಗೆ ಮೊದಲು ಕಟ್ಟಿರೆನ್ನುತ್ತಾರೆ. ಇನಾಮಿನ ಚೀಟಿ ಯೋಜನೆಗಳನ್ನು ನಿಷೇಧಿಸಿದ ಕೇಂದ್ರ ಕಾಯ್ದೆ 1978ರದು. ಕರ್ನಾಟಕದಲ್ಲಿ ಲಾಟರಿ 2007ರಿಂದ ಇಲ್ಲ. ಕೊಳ್ಳದ ಟಿಕೆಟಿಗೆ ಬಹುಮಾನ ಬಂತೆಂದರೆ ಲಕೋಟೆಯನ್ನು ಒಲೆಗೆ ಹಾಕಬಹುದು.

ಆರ್ಡರ್ ಮಾಡದ ಪೊಟ್ಟಣಕ್ಕೆ ಹಣ ಕೇಳಿಕೊಂಡು ಅಂಚೆಯವರಾಗಲಿ ಕೊರಿಯರಿನವರಾಗಲಿ ಬಂದರೆ ತೆಗೆದುಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಗಂಡಸರು ಹೊಲಕ್ಕೆ ಹೋದಾಗ, ಯಜಮಾನರು ತರಿಸಿರಬೇಕೆಂದುಕೊಂಡು ಹೆಂಗಸರು ಹಣ ಕೊಟ್ಟುಬಿಡುವುದುಂಟು. ಮನೆಯವರಿಗೆ ಹೇಳಿಟ್ಟಿರಿ. ಬೇಡವೆಂದರೆ ಅದು ಕಳಿಸಿದವರಿಗೆ ವಾಪಸು ಹೋಗುತ್ತದೆ. ಅಪೇಕ್ಷಿಸದ ಕ್ರೆಡಿಟ್ ಕಾರ್ಡನ್ನು ಬ್ಯಾಂಕು ಕಳಿಸುವುದೂ ರಿಸರ್ವ್ ಬ್ಯಾಂಕಿನ ಆಜ್ಞೆಗೆ ವಿರುದ್ಧ. 2022ರ ಏಪ್ರಿಲಿನ ಆದೇಶದ ಪ್ರಕಾರ, ಒಪ್ಪಿಗೆಯಿಲ್ಲದೆ ಕಾರ್ಡು ಕೊಟ್ಟು ಚಾಲೂ ಮಾಡಿ ಬಿಲ್ಲು ಹಾಕಿದರೆ, ಆ ಮೊತ್ತವನ್ನು ವಜಾ ಮಾಡುವುದಲ್ಲದೆ ಅದರ ಎರಡರಷ್ಟನ್ನು ದಂಡವಾಗಿ ಆ ವ್ಯಕ್ತಿಗೆ ಕೊಡಬೇಕು.

ಇಷ್ಟು ಹೇಳಿದ ಮೇಲೆ, ಇದಕ್ಕೆ ವಿರುದ್ಧವಾದ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೇಡದ ಕಾಗದವೆಂದು ಎಲ್ಲವನ್ನೂ ವಾಪಸು ಕಳಿಸಬೇಡಿ. ಕೋರ್ಟಿನ ಸಮನ್ಸು, ಬ್ಯಾಂಕಿನ ಸಾಲದ ನೋಟಿಸು, ಭೂಸ್ವಾಧೀನದ ನೋಟಿಸು ಬಂದಾಗ ರುಜು ಹಾಕದಿದ್ದರೆ ಅದು ತಮಗೆ ಬಂದೇ ಇಲ್ಲವೆಂದಾಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಕಾನೂನು ಹೇಳುವುದು ತದ್ವಿರುದ್ಧ. ವಿಳಾಸದಾರ ನಿರಾಕರಿಸಿದನೆಂದು ಅಂಚೆಯವರು ಷರಾ ಬರೆದರೆ, ಸಮನ್ಸು ತಲುಪಿತೆಂದೇ ಕೋರ್ಟು ಎಣಿಸಬಹುದು. ದಾವೆ ನಿಮ್ಮ ಗೈರುಹಾಜರಿಯಲ್ಲೇ ತೀರ್ಮಾನವಾಗಿ, ಡಿಕ್ರಿಯಾದ ಮೇಲೆ ಗೊತ್ತಾಗುತ್ತದೆ. ಪಾಲುಪಟ್ಟಿಯ ದಾವೆಯಲ್ಲಿ ಹೀಗಾದರೆ ಹೋಗುವುದು ಕೆಲವು ಸಾವಿರವಲ್ಲ, ಎಕರೆ.

ಮೊದಲಾದರೆ ರಿಜಿಸ್ಟರ್ಡ್ ಎಂದರೆ ಗಂಭೀರವಾದದ್ದೆಂದು ಹೊರಗಿನಿಂದಲೇ ತಿಳಿಯುತ್ತಿತ್ತು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿದ್ದಾರೆ. ಈಗ ಕಾರಿನ ಚೀಟಿಯೂ ಕೋರ್ಟಿನ ನೋಟಿಸೂ ಒಂದೇ ಸ್ಪೀಡ್ ಪೋಸ್ಟಿನಲ್ಲಿ ಬರಬಹುದು. ಆದುದರಿಂದ ಕೈಯೊಡ್ಡುವ ಮೊದಲು ಕಳಿಸಿದವರು ಯಾರೆಂದು ಓದಿಸಿ ಕೇಳಿ. ಕೋರ್ಟು, ತಹಸೀಲ್ದಾರರು, ಬ್ಯಾಂಕು, ವಕೀಲರು ಎಂದಿದ್ದರೆ ತೆಗೆದುಕೊಂಡು, ಲಕೋಟೆಯನ್ನೂ ಹರಿಯದೆ ಇಟ್ಟುಕೊಳ್ಳಿ. ಅದರ ಮೇಲಿನ ತಾರೀಖು ಬೇಕಾಗುತ್ತದೆ. ನೋಟಿಸು ತೆಗೆದುಕೊಂಡ ಮಾತ್ರಕ್ಕೆ ಅದರಲ್ಲಿರುವುದನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಕಾಗದ ನಿಜವೋ ನಕಲಿಯೋ ಎಂಬ ಸಂಶಯವಿದ್ದರೆ ಅದರಲ್ಲಿ ಕೊಟ್ಟ ಮೊಬೈಲಿಗೆ ಕರೆ ಮಾಡಬೇಡಿ. ಕಚೇರಿಗೇ ಹೋಗಿ ಕೇಳಿ. ಮೈಸೂರು ತಾಲ್ಲೂಕಿನವರಿಗೆ ತಹಸೀಲ್ದಾರರ ಕಾಗದವಾದರೆ ನಜರ್‌ಬಾದಿನ ಬಸ್ಸು ಹತ್ತಿದರಾಯಿತು.

ಇನ್ನು ಬೆಳೆ, ರೋಗ, ಹವೆಯ ಬಗ್ಗೆ ಯಾರೋ ಕರೆ ಮಾಡಿ ಔಷಧಿ ಮಾರುವ ತನಕ ಕಾಯಬೇಕಾಗಿಲ್ಲ. ಕಿಸಾನ್ ಕಾಲ್ ಸೆಂಟರಿಗೆ ರೈತರೇ ಕರೆ ಮಾಡಬಹುದು. 2004ರ ಜನವರಿ 21ರಿಂದ ನಡೆಯುತ್ತಿರುವ ಈ ಸೇವೆಯ ಸಂಖ್ಯೆ 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲಿ, ಕರೆಯ ಖರ್ಚಿಲ್ಲದೆ.